ಲಗ್ನಪತ್ರಿಕೆಯವರ ಸನ್ನಿಧಾನಕ್ಕೆ ಯಗಟಿಯಿಂದ ಒಂದು ಅರಿಕೆ

ಯಗಟಿ, ಕಡೂರು ತಾಲ್ಲೂಕು
ವೈಶಾಖ ಮಾಸ, ೧೯೮೨

ನಾಲ್ಕು ಮೂಲೆಗೂ ಅರಿಶಿನ ಹಚ್ಚಿಕೊಂಡು, ನೆತ್ತಿಯ ಮೇಲೆ ಕುಲದೇವರ ಹೆಸರನ್ನು ಹೊತ್ತುಕೊಂಡು, ಹಗಲು ಇರುಳೆನ್ನದೆ ಬಂಧುಬಾಂಧವರ ಹೊಸ್ತಿಲು ದಾಟುತ್ತಿರುವ ಶ್ರೀಮತ್ ಲಗ್ನಪತ್ರಿಕೆಯವರ ದಿವ್ಯ ಸನ್ನಿಧಾನಕ್ಕೆ, ಯಗಟಿಯಲ್ಲಿ ಒಂದಿಷ್ಟು ತೆಂಗಿನ ತೋಟ ಮಾಡಿಕೊಂಡಿರುವ ಜಯದೇವಪ್ಪ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ. ತಾವು ಎಲ್ಲೆಡೆಯೂ ಕ್ಷೇಮವಾಗಿದ್ದೀರಿ ಎಂಬುದು ಈ ವಾರ ನಮ್ಮ ಮನೆಗೆ ದಯಮಾಡಿಸಿರುವ ತಮ್ಮ ಸಂಖ್ಯೆಯಿಂದಲೇ ತಿಳಿದುಬಂದಿದೆ. ಪಡಸಾಲೆಯ ಗೋಡೆಗೆ ತೂಗುಬಿಟ್ಟಿರುವ ಕಂಬಿಯಲ್ಲಿ ತಾವೇ ತುಂಬಿಕೊಂಡು, ಕಂದಾಯದ ರಸೀದಿಗೂ ಕರೆಂಟು ಬಿಲ್ಲಿಗೂ ಚುಚ್ಚಿಸಿಕೊಳ್ಳಲು ಜಾಗವಿಲ್ಲದಂತಾಗಿದೆ. ಆದರೂ ತಮ್ಮ ಮೇಲೆ ದೂರು ಹೇಳುವ ಧೈರ್ಯ ಈ ಊರಿನಲ್ಲಿ ಬೇರೆ ಯಾರಿಗೂ ಬಂದಿಲ್ಲವಾದ್ದರಿಂದ, ಬಂದಿರುವ ಒಬ್ಬನೇ ಒಬ್ಬನ ಮಾತನ್ನು ತಾವು ದೊಡ್ಡ ಮನಸ್ಸು ಮಾಡಿ ಓದಿಕೊಳ್ಳಬೇಕು.

ಮೊದಲು ತಮ್ಮ ಗುಣಗಾನ. ಅಮಲ್ದಾರರ ನೋಟೀಸು ಬಂದರೆ ಒಂದು ವಾಯಿದೆ ಕೇಳಬಹುದು. ಕೋರ್ಟಿನ ಸಮನ್ಸು ಬಂದರೆ ಮೈಗೆ ಹುಷಾರಿಲ್ಲವೆಂದು ಡಾಕ್ಟರ ಚೀಟಿ ಕೊಡಬಹುದು. ತಾವು ಬಂದರೆ ಮಾತ್ರ ಹೋಗಲೇಬೇಕು. "ಖುದ್ದಾಗಿ ಬಂದು ಕರೆಯಲು ಸಮಯದ ಅಭಾವವಿರುವುದರಿಂದ ಈ ಪತ್ರಿಕೆಯನ್ನೇ ಖುದ್ದು ಕರೆಯೆಂದು ಭಾವಿಸಬೇಕು" ಎಂದು ತಾವು ತಮ್ಮ ಕೆಳಭಾಗದಲ್ಲಿ ವಿನಯವಾಗಿ ಅಚ್ಚು ಮಾಡಿಸಿಕೊಂಡಿರುತ್ತೀರಿ. ಕರೆಯುವವನಿಗೆ ಸಮಯದ ಅಭಾವವಿರಬಹುದು, ಬರುವವನಿಗೆ ಇರಕೂಡದು ಎಂಬ ತಮ್ಮ ನ್ಯಾಯವನ್ನು ಕಂಡು ನಾನು ಹಲವು ಸಲ ಕೈಮುಗಿದಿದ್ದೇನೆ.

ನಾನು ನಾಲ್ಕು ಜನಕ್ಕೆ ಬೇಕಾದ ಮನುಷ್ಯ. ಹೀಗೆಂದು ನಾನು ಹೇಳಿಕೊಳ್ಳುತ್ತಿಲ್ಲ, ಊರಿನವರು ಹೇಳಿ ಹೇಳಿ ನನ್ನನ್ನು ಹಾಗೆ ಮಾಡಿಬಿಟ್ಟಿದ್ದಾರೆ. ಸೊಸೈಟಿಯ ಡೈರೆಕ್ಟರಾಗಿದ್ದೇನೆ, ಮಠದ ಕೆಲಸಕ್ಕೆ ಓಡಾಡುತ್ತೇನೆ, ಎರಡು ಮನೆಗಳ ನಡುವೆ ಮಾತು ಬಿಟ್ಟುಹೋದರೆ ಹೋಗಿ ಕೂಡಿಸಿ ಬರುತ್ತೇನೆ. ಇಂಥವನು ಒಂದು ಮದುವೆಗೆ ಹೋಗದಿದ್ದರೆ ಹೆಣ್ಣಿನ ಕಡೆಯವರು ಒಂದು ತಿಳಿದುಕೊಳ್ಳುತ್ತಾರೆ, ಗಂಡಿನ ಕಡೆಯವರು ಇನ್ನೊಂದು ತಿಳಿದುಕೊಳ್ಳುತ್ತಾರೆ. ಆದ್ದರಿಂದ ಮಾಘದಿಂದ ಜ್ಯೇಷ್ಠದವರೆಗೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಛತ್ರಗಳಲ್ಲಿ ಕೋಸಂಬರಿ ತಿನ್ನುತ್ತಲೂ, ಕಳೆದುಹೋದ ಚಪ್ಪಲಿಯನ್ನು ಹುಡುಕುತ್ತಲೂ ನನ್ನ ಜೀವಮಾನದ ಒಳ್ಳೆಯ ಭಾಗ ಸಾರ್ಥಕವಾಗಿ ಕಳೆದಿದೆ.

ಈ ಸಾರ್ಥಕತೆಯ ನಡುವೆ ನನಗೆ ಒಂದು ಚಿಕ್ಕ ಸ್ವಂತ ಕೆಲಸವಿತ್ತು. ನಮ್ಮ ಅವ್ವ ಕಾಶಮ್ಮನವರಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಮೊದಲು ದೀಪದ ಸುತ್ತ ಹೊಗೆ ಕಂಡಂತಾಗುತ್ತದೆ ಎಂದರು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟರು. ಆಮೇಲೆ ಬಂದವರನ್ನು ಕೆಮ್ಮಿನಿಂದ ಗುರುತಿಸತೊಡಗಿದರು. ಕಡೂರಿನ ಡಾಕ್ಟರು ನೋಡಿ, ಪೊರೆ ಇನ್ನೂ ಹಣ್ಣಾಗಬೇಕು, ಈಗಲೇ ತೆಗೆಯಲು ಬರುವುದಿಲ್ಲ ಎಂದಿದ್ದರು. ಎರಡು ವರ್ಷದ ಹಿಂದಿನ ಮಾಘದಲ್ಲಿ ಅವರೇ, ಈಗ ಹಣ್ಣಾಗಿದೆ, ಕಡೂರಿನಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತದೆ, ಕರೆದುಕೊಂಡು ಬನ್ನಿ, ಜೊತೆಗೆ ಮನೆಯವರೊಬ್ಬರು ಇರಬೇಕು ಎಂದು ಹೇಳಿ ಕಳಿಸಿದರು.

ಆ ದಿನಕ್ಕೆ ಸರಿಯಾಗಿ ತಾವು ಬಂದಿರಿ. ನಮ್ಮ ಸೊಸೈಟಿಯ ಸೆಕ್ರೆಟರಿಯ ಮಗನ ಮದುವೆ, ತರೀಕೆರೆಯಲ್ಲಿ. ಅವ್ವ ತಮ್ಮನ್ನು ಕೈಗೆ ತೆಗೆದುಕೊಂಡು, ಮೂಲೆಯನ್ನು ಬೆರಳಿನಿಂದ ಸವರಿ ಮೂಸಿ ನೋಡಿ, "ಯಾರ್ದೋ ಮದ್ವೆ ಕಣೋ. ಹೋಗ್ಬಾ. ನನ್ ಕಣ್ಣೇನು ಎದ್ದು ಓಡೋಯ್ತದಾ?" ಎಂದರು. ಅಷ್ಟು ಸುಲಭವಾಗಿ ರಜೆ ಕೊಡುವವರು ಮನೆಯಲ್ಲಿ ಅವರೊಬ್ಬರೇ ಆದ್ದರಿಂದ ನಾನು ತಕ್ಷಣ ತೆಗೆದುಕೊಂಡೆ.

ಇನ್ನು ತರೀಕೆರೆಯಲ್ಲಿ ನಡೆದದ್ದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಬಸ್ಸಿಳಿದವನು ವಾಲಗದ ಸದ್ದು ಬಂದ ಕಡೆಗೆ ನಡೆದೆ. ಛತ್ರದ ಬಾಗಿಲಲ್ಲಿ ಒಬ್ಬರು ನನ್ನ ಕೈ ಹಿಡಿದು, "ಬನ್ನಿ ಬನ್ನಿ, ಈಗ್ ಬಂದ್ರಾ? ಮೊದ್ಲು ಎಲೆ ಮುಂದೆ ಕೂತ್ಕಳಿ, ಆಮೇಲ್ ಮಾತು" ಎಂದು ಎಳೆದುಕೊಂಡು ಹೋದರು. ಉಂಡೆ. ಊಟ ಬಹಳ ಚೆನ್ನಾಗಿತ್ತು. ಮುಯ್ಯಿ ಬರೆಯುವವರ ಮುಂದೆ ಸ್ಟೀಲಿನ ಬಿಂದಿಗೆ ಇಟ್ಟೆ. "ಯಗಟಿ ಜಯದೇವಪ್ಪನವರಿಂದ ಬಿಂದಿಗೆ ಒಂದು" ಎಂದು ಮೈಕಿನಲ್ಲಿ ಕೂಗಿಸಿದರು. ಗಂಡಿನ ಮುಖ ಬಾಸಿಂಗದ ಹಿಂದಿತ್ತು. ನನ್ನನ್ನು ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದು ತಿಳಿದು ಉಪಚರಿಸಿದರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದು ತಿಳಿದು ಇನ್ನೂ ಹೆಚ್ಚು ಉಪಚರಿಸಿದರು. ಸೆಕ್ರೆಟರಿ ಎಲ್ಲೂ ಕಾಣಲಿಲ್ಲವಲ್ಲ ಎಂದು ಹೊರಗೆ ಬಂದು ಬಾಗಿಲಿನ ಬೋರ್ಡು ಓದಿದಾಗ, ಅದು ಬೇರೆ ಯಾರದೋ ಮದುವೆ ಎಂದು ತಿಳಿಯಿತು.

ಕೊಟ್ಟ ಬಿಂದಿಗೆಯನ್ನು ವಾಪಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪೇಟೆಯಲ್ಲಿ ಇನ್ನೊಂದು ಬಿಂದಿಗೆ ತೆಗೆದುಕೊಂಡು, ಸೆಕ್ರೆಟರಿಯ ಮಗನ ಮದುವೆಯಿದ್ದ ಇನ್ನೊಂದು ಛತ್ರಕ್ಕೆ ಓಡಿ, ಅಲ್ಲಿಯೂ ಉಂಡು, ಹೊಟ್ಟೆ ಹಿಡಿದುಕೊಂಡು ಕೊನೆಯ ಬಸ್ಸಿಗೆ ಊರು ಸೇರಿದೆ. ಇಷ್ಟಕ್ಕೆ ಮುಗಿದಿದ್ದರೆ ನಾನು ನಗುತ್ತಾ ಮರೆತುಬಿಡುತ್ತಿದ್ದೆ.

ಆದರೆ ಮುಯ್ಯಿ ಎಂಬುದು ಹಾಗೆ ಮುಗಿಯುವಂಥದ್ದಲ್ಲವೆಂದು ತಮಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಮದುವೆಯ ಹೆಣ್ಣಿನ ತಂದೆ ಷಣ್ಮುಖಪ್ಪನವರು ಬಹಳ ಮರ್ಯಾದಸ್ಥರು. ಯಾರೋ ಯಗಟಿಯವರು ಬಿಂದಿಗೆ ಕೊಟ್ಟು ಹೋಗಿದ್ದಾರೆ, ತಮ್ಮ ಮನೆಯವರಿಗೆ ಗುರುತೂ ಹತ್ತಲಿಲ್ಲ, ಮಾತೂ ಆಡಿಸಲಿಲ್ಲ ಎಂದು ಅವರಿಗೆ ನಾಚಿಕೆಯಾಗಿ, ಎರಡನೆಯ ಮಗಳ ಮದುವೆಗೆ ಕರೆಯಲು ಅವರೇ ಖುದ್ದಾಗಿ ತಮ್ಮನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದರು. "ನಾವ್ ಮರೆತಿದ್ರೂ ನೀವ್ ಮರೀಲಿಲ್ವಲ್ರೀ, ದೊಡ್ಡೋರು ನೀವು" ಎಂದು ಕಣ್ಣು ಒದ್ದೆ ಮಾಡಿಕೊಂಡರು. ಅಂಥವರ ಎದುರಿಗೆ, ನಾನು ದಾರಿ ತಪ್ಪಿ ನಿಮ್ಮಲ್ಲಿ ಉಂಡೆ ಎಂದು ಹೇಗೆ ಹೇಳುವುದು? ಸುಮ್ಮನೆ ತಲೆದೂಗಿದೆ. ಸಂಬಂಧ ಯಾವ ಕಡೆಯಿಂದ ಎಂದು ಅವರೇ ಹುಡುಕತೊಡಗಿ, "ನಿಮ್ಮಜ್ಜಿ ಅಜ್ಜಂಪುರದ ಕಡೆಯೋರಲ್ವಾ?" ಎಂದರು. ನಮ್ಮ ಕಡೆ ಅಜ್ಜಂಪುರದ ಕಡೆಯ ಅಜ್ಜಿ ಇಲ್ಲದವರು ಯಾರಿದ್ದಾರೆ? ಹೌದು ಎಂದೆ. ಕಾಫಿ ಕುಡಿದು ಎದ್ದು ಹೋಗುವಾಗ ಅವರು ನನ್ನನ್ನು ಭಾವ ಎನ್ನುತ್ತಿದ್ದರು.

ಅಲ್ಲಿಂದ ಮುಂದೆ ಎರಡನೆಯ ಮಗಳ ಮದುವೆ, ಮೊದಲನೆಯ ಮಗಳ ಸೀಮಂತ, ಮೊಮ್ಮಗುವಿನ ನಾಮಕರಣ, ಅಳಿಯನ ಮನೆಯ ಗೃಹಪ್ರವೇಶ, ಹೀಗೆ ತಾವು ನಾನಾ ಬಣ್ಣಗಳಲ್ಲಿ ಬರುತ್ತಲೇ ಇದ್ದಿರಿ. ನನ್ನ ಸ್ವಂತ ನೆಂಟರನ್ನು ನಾನು ನನ್ನನ್ನು ಹಡೆದವರಿಂದ ಪಡೆದೆ, ಈ ನೆಂಟರನ್ನು ಮಾತ್ರ ಒಂದು ಬಿಂದಿಗೆಯಿಂದ ಸಂಪಾದಿಸಿದೆ ಎಂದು ನನ್ನ ಹೆಂಡತಿ ಮಲ್ಲಿಕಾಂಬ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ನಗು ಇರುವುದಿಲ್ಲ.

ಕ್ಯಾಂಪು ತಪ್ಪಿದ ಮೇಲೂ ಅವ್ವನನ್ನು ಶಿವಮೊಗ್ಗದ ಆಸ್ಪತ್ರೆಗೆ ಯಾವತ್ತು ಬೇಕಾದರೂ ಕರೆದುಕೊಂಡು ಹೋಗಬಹುದಾಗಿತ್ತು. ಆದರೆ ಯಾವತ್ತು ಬೇಕಾದರೂ ಮಾಡಬಹುದಾದ ಕೆಲಸಕ್ಕೆ ತಾವು ಮುಹೂರ್ತ ಇಟ್ಟುಕೊಡುವುದಿಲ್ಲ ನೋಡಿ. ಶಿವಮೊಗ್ಗದ ಪ್ರಯಾಣಕ್ಕೆ ವಾಲಗವಿಲ್ಲ, ಅದಕ್ಕೆ ಬರಲಿಲ್ಲವೆಂದು ಮುನಿಸಿಕೊಳ್ಳುವ ಬೀಗರಿಲ್ಲ, ಕೆಳಗೆ ಹೆಸರು ಹಾಕಿಸಿಕೊಂಡು ಸುಖಾಗಮನ ಬಯಸುವವರಿಲ್ಲ. ಗೋಡೆಗೊರಗಿ ಕೂತು, ಊಟ ಆಯ್ತೇನೋ ಎಂದು ಕೇಳುವ ಮುದುಕಿ ಒಬ್ಬಳಿದ್ದಾಳೆ ಅಷ್ಟೆ. ಹೀಗಾಗಿ ಬರುವ ವಾರ, ಕೊಬ್ಬರಿ ಸುಲಿದ ಮೇಲೆ, ಈ ಲಗ್ನ ಒಂದು ಕಳೆಯಲಿ ಎನ್ನುತ್ತಾ ದಿನ ನೂಕಿದೆ.

ಹೋದ ದೀಪಾವಳಿಯ ಹೊತ್ತಿಗೆ ಅವ್ವನಿಗೆ ಎಡಗಣ್ಣು ವಿಪರೀತ ನೋಯತೊಡಗಿತು. ವಾಂತಿಯೂ ಆಯಿತು. ಕಡೂರಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಹಣ್ಣಾದ ಪೊರೆಯನ್ನು ಬಹಳ ಕಾಲ ಬಿಟ್ಟಿದ್ದರಿಂದ ಹೀಗಾಗಿದೆ, ಈ ಕಣ್ಣು ಹೋಯಿತು, ಇನ್ನು ಏನು ಮಾಡಿದರೂ ಬರುವುದಿಲ್ಲ, ಬಲಗಣ್ಣನ್ನಾದರೂ ಈ ಸಲದ ಕ್ಯಾಂಪಿನಲ್ಲಿ ಮಾಡಿಸಿ ಎಂದರು. ಮಾನ್ಯರೇ, ಈ ಒಂದು ವಿಷಯವನ್ನು ತಮಾಷೆಯಾಗಿ ಬರೆಯಲು ನನಗೆ ಬರುತ್ತಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ಮಾಘದಲ್ಲಿ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಕ್ಯಾಂಪಿನ ದಿನವನ್ನು ಸಾರಿ ಹೋದರು. ಆ ಸಂಜೆಯೇ ತಾವೂ ಬಂದಿರಿ, ತಿಳಿಗುಲಾಬಿ ಬಣ್ಣದಲ್ಲಿ, ಬಂಗಾರದ ಅಕ್ಷರಗಳಲ್ಲಿ. ಷಣ್ಮುಖಪ್ಪನವರ ಒಬ್ಬನೇ ಮಗನ ಮದುವೆ, ತರೀಕೆರೆಯಲ್ಲಿ, ಅದೇ ದಿನ. ತಮ್ಮ ಬರವಣಿಗೆಯ ಕೆಳಗೆ "ಭಾವನವರು ಬರದೆ ತಾಳಿ ಕಟ್ಟಿಸುವುದಿಲ್ಲ" ಎಂದು ಅವರು ಕೈಯಾರೆ ಬರೆದಿದ್ದರು. ತಮ್ಮನ್ನು ಹಿಡಿದುಕೊಂಡು ನಾನು ಪಡಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವುದನ್ನು ನೋಡಿ ಮಲ್ಲಿಕಾಂಬ, "ನಿಮ್ಮನ್ನ ಹೆತ್ತಿದ್ದು ಆ ಪತ್ರಿಕೇನೋ, ನಮ್ಮತ್ತೇನೋ? ಅದೊಂದು ಹೇಳ್ಬಿಡಿ" ಎಂದಳು. ನಾನು ತಮ್ಮ ಮೇಲಿನ ಮುಹೂರ್ತವನ್ನೇ ಮತ್ತೆ ಓದತೊಡಗಿದಾಗ, "ಹೋಗಿ, ನೀವು ಉಂಡ್ಕಂಡ್ ಬನ್ನಿ. ಅತ್ತೇನ ನಾನ್ ಕರ್ಕೊಂಡೋಯ್ತೀನಿ" ಎಂದು ಚಾಪೆ, ಹೊದಿಕೆ, ತಟ್ಟೆಗಳನ್ನು ಗಂಟು ಕಟ್ಟಿದಳು. ಎರಡೂ ಕೆಲಸ ಆದಂತಾಯಿತಲ್ಲ ಎಂದು ನನಗೆ ನಿಜವಾಗಿಯೂ ಸಮಾಧಾನವಾಯಿತು.

ಮೂವರೂ ಒಂದೇ ಬಸ್ಸಿಗೆ ಹೊರಟೆವು. ಅವರು ಕಡೂರಿನಲ್ಲಿ ಇಳಿಯುವುದು, ನಾನು ಅದೇ ಬಸ್ಸಿನಲ್ಲಿ ತರೀಕೆರೆಗೆ ಮುಂದುವರಿಯುವುದು. ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಕೂತರು. ನಾನು ಕೆಂಪು ರಿಬ್ಬನ್ ಕಟ್ಟಿದ ಹೊಸ ಬಿಂದಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲ ಹತ್ತಿರ ನಿಂತೆ. ಬಿಂದಿಗೆಯ ಕುತ್ತಿಗೆಯ ಮೇಲೆ ನನ್ನ ಹೆಸರನ್ನೂ ಊರನ್ನೂ ದಪ್ಪ ಅಕ್ಷರದಲ್ಲಿ ಕೊರೆಸಿದ್ದೆ.

ಕಡೂರು ಸ್ಟ್ಯಾಂಡಿನಲ್ಲಿ ಮಲ್ಲಿಕಾಂಬ ಅವ್ವನನ್ನು ಇಳಿಸಿ, ಬಸ್ಸಿನ ಪಕ್ಕ ನಿಲ್ಲಿಸಿ, ಗಂಟು ತರಲು ಮತ್ತೆ ಒಳಗೆ ಹತ್ತಿದಳು. ಅವ್ವ ಕೈಯನ್ನು ಮುಂದೆ ಚಾಚಿ ತಡವರಿಸಿದರು. ಕಿಟಕಿಯ ಸರಳು ಸಿಕ್ಕಿತು. ಅದರ ಒಳಗೆ ಯಾರೋ ಒಬ್ಬ ನನ್ನ ವಯಸ್ಸಿನವನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತಿದ್ದ. ಅವ್ವ ಅವನ ತೋಳು ಮುಟ್ಟಿ, "ಹುಷಾರಾಗ್ ಹೋಗ್ಬಾ ಮಗಾ. ಹೊತ್ತಿಗ್ ಸರ್ಯಾಗಿ ಉಣ್ಣು. ನನ್ ಯೋಚ್ನೆ ಮಾಡ್ಬೇಡ, ಮಲ್ಲಿ ಅವ್ಳೆ. ಈ ಕಣ್ಣೂ ಬರ್ದಿದ್ರೆ ನೀನ್ ಮಾತ್ರ ಬೇಜಾರ್ ಮಾಡ್ಕಬೇಡ ಕಣೋ" ಎಂದರು. ಆ ಮನುಷ್ಯ ತಬ್ಬಿಬ್ಬಾಗಿ ಒಮ್ಮೆ ಸುತ್ತ ನೋಡಿದ. ಆಮೇಲೆ ಅವ್ವನ ಕೈಯ ಮೇಲೆ ತನ್ನ ಕೈ ಇಟ್ಟು, "ಆಯ್ತು ಕಣವ್ವ, ಏನೂ ಆಗಲ್ಲ, ಹೋಗ್ಬಾ" ಎಂದ.

ನಾನು ಅವರಿಂದ ಮಾರು ದೂರದಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತಿದ್ದೆ. ಆ ಗುರುತಿಲ್ಲದ ಮನುಷ್ಯನ ಮೇಲೆ ನನಗೆ ಆ ಕ್ಷಣದಲ್ಲಿ ಎಂಥ ಹೊಟ್ಟೆಕಿಚ್ಚು ಹುಟ್ಟಿತೆಂದರೆ, ಅದನ್ನು ಹೇಳಲು ತಮ್ಮ ಬಂಗಾರದ ಅಕ್ಷರಗಳೂ ಸಾಲವು. ಕಂಡಕ್ಟರು, "ಏನ್ರೀ ಯಜಮಾನ್ರೇ, ಇಳೀತೀರೋ, ಒಳಗ್ ಬತ್ತೀರೋ? ಬಾಗ್ಲಲ್ಲಿ ನಿಂತು ಯಾರ್ನ ಕಾಯ್ತಿದೀರಿ?" ಎಂದು ಗದರಿದ. ಇಳಿದೆ. ಬಸ್ಸು ಹೋಯಿತು. ಅವ್ವನ ಕೈ ಹಿಡಿದುಕೊಂಡಾಗ ಅವರು, "ಯಾರಪ್ಪಾ?" ಎಂದು ಕೇಳಿದರು.

ಕ್ಯಾಂಪು ಒಂದು ಸ್ಕೂಲಿನ ಹಾಲಿನಲ್ಲಿ ನಡೆಯಿತು. ಆಪರೇಷನ್ ಆದವರನ್ನು ಸಾಲಾಗಿ ಮಲಗಿಸಿ, ತಲೆ ಅತ್ತಿತ್ತ ಹೊರಳದಂತೆ ಎರಡೂ ಪಕ್ಕ ಮರಳಿನ ಚೀಲ ಇಟ್ಟರು. ಅವರು ಅಲುಗಾಡದಂತೆ ನೋಡಿಕೊಳ್ಳುವುದೇ ಜೊತೆಗಿದ್ದವರ ಕೆಲಸ. ನಾಲ್ಕು ಜನಕ್ಕೆ ಬೇಕಾದ ಮನುಷ್ಯನಾದ ನಾನು ಅವ್ವನ ತಲೆಯ ಪಕ್ಕ ಸುಮ್ಮನೆ ಕೂತೆ. ಮೊದಲ ದಿನ ಬಹಳ ಕಷ್ಟವಾಯಿತು. ಅಷ್ಟು ಹೊತ್ತಿಗೆ ತರೀಕೆರೆಯಲ್ಲಿ ತಾಳಿ ಕಟ್ಟಿಸದೆ ಎಲ್ಲರೂ ನನ್ನ ದಾರಿ ಕಾಯುತ್ತಿರಬಹುದೆಂದು ನೆನೆದು ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ. ಎರಡನೆಯ ದಿನದಿಂದ ಅವ್ವ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡೇ ತಮ್ಮ ತವರಿನ ಸುದ್ದಿ ಹೇಳತೊಡಗಿದರು. ಅವರು ಹುಡುಗಿಯಾಗಿದ್ದಾಗ ಸಖರಾಯಪಟ್ಟಣದ ಕೆರೆಯಲ್ಲಿ ಈಜುತ್ತಿದ್ದರಂತೆ. ನನ್ನ ತಾಯಿಗೆ ಈಜು ಬರುತ್ತದೆಂದು ಇಷ್ಟು ವಯಸ್ಸಾದ ನನಗೆ ಗೊತ್ತೇ ಇರಲಿಲ್ಲ. ಮದುವೆಯ ಬಿಂದಿಗೆಯ ರಿಬ್ಬನ್ ಬಿಚ್ಚಿ ಮಲ್ಲಿಕಾಂಬ ಅದರಲ್ಲಿ ನೀರು ತುಂಬಿಟ್ಟಳು. ಹಾಲಿನಲ್ಲಿದ್ದವರೆಲ್ಲ ಅದರಿಂದಲೇ ಕುಡಿದರು.

ಈಗ ತಮ್ಮಲ್ಲಿ ನನ್ನ ಪ್ರಾರ್ಥನೆಗಳು. ಇನ್ನು ಮುಂದೆ ಯಾವ ಮನೆಗೇ ದಯಮಾಡಿಸಲಿ, ನೇರವಾಗಿ ಪಡಸಾಲೆಗೆ ನುಗ್ಗದೆ ಒಂದು ಗಳಿಗೆ ಜಗಲಿಯ ಮೇಲೆ ಕೂತು, ಒಳಗೆ ಯಾರಿಗಾದರೂ ಕಣ್ಣು, ಕಿವಿ, ಎದೆನೋವಿನ ಕೆಲಸ ಬಾಕಿಯಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಇದ್ದರೆ ಅಲ್ಲಿಂದಲೇ ಪೋಸ್ಟ್‌ಮ್ಯಾನನ ಚೀಲಕ್ಕೆ ವಾಪಸು ಹತ್ತಬೇಕು. ಪುರೋಹಿತರು ಮುಹೂರ್ತ ಇಡುವಾಗ ಗುರುಬಲದ ಜೊತೆಗೆ, ಬರುವವರ ಮನೆಯ ಮುದುಕಿಯರ ಪೊರೆ ಎಷ್ಟು ಹಣ್ಣಾಗಿದೆ ಎಂಬುದನ್ನೂ ನೋಡುವಂತೆ ತಾವು ಒಂದು ಮಾತು ಹೇಳಬೇಕು. ಇದು ಆಗದ ಮಾತಾದರೆ, ನನಗೂ ಕಡೂರಿನ ಪ್ರೆಸ್ಸಿನಲ್ಲಿ ಒಂದು ಪತ್ರಿಕೆ ಮಾಡಿಸಿಕೊಳ್ಳಲು ಅಪ್ಪಣೆ ಕೊಡಬೇಕು. ಅದರಲ್ಲಿ, "ಖುದ್ದಾಗಿ ಬಂದು ಉಣ್ಣಲು ಸಮಯದ ಅಭಾವವಿರುವುದರಿಂದ ಈ ಪತ್ರಿಕೆಯನ್ನೇ ಖುದ್ದು ಉಂಡಂತೆ ಭಾವಿಸಬೇಕು" ಎಂದು ಇರುತ್ತದೆ. ನಾಲ್ಕು ಮೂಲೆಗೆ ಅರಿಶಿನವನ್ನೂ ಹಚ್ಚಿಸುತ್ತೇನೆ.

ಇನ್ನೊಂದು ಸುದ್ದಿ ತಿಳಿಸುವುದಿದೆ. ಯುಗಾದಿಗೆ ಮೊದಲು ಅವ್ವನಿಗೆ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಹಾಕಿಕೊಂಡು ಮೊದಲು ಮಲ್ಲಿಕಾಂಬಳನ್ನು ನೋಡಿ, ಸೀರೆ ಚೆನ್ನಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ದಿಟ್ಟಿಸಿದರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಇಷ್ಟೊಂದು ಮದ್ವೆ ಊಟ ಉಂಡೋನು ಹಿಂಗ್ಯಾಕೋ ಒಣ್ಗೋಗಿದೀಯ?" ಎಂದು ಕೇಳಿದರು. ನನಗೆ ಅಳು ಬಂತು. ಅವರಿಗೆ ಅದೂ ಕಾಣಿಸಿತು.

ತಮ್ಮ ಚಿತ್ತಕ್ಕೆ ಬೇಸರವಾಗಿದ್ದರೆ ಕ್ಷಮಿಸಬೇಕೆಂದೂ, ಈ ತಿಂಗಳು ಇನ್ನು ನಮ್ಮ ಮನೆಯ ಕಡೆ ಸುಳಿಯಬಾರದೆಂದೂ ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ,
ಜಯದೇವಪ್ಪ
(ಯಗಟಿಯ ಮನೆಯಲ್ಲಿಯೇ ಇರುವವನು)

ತಾ.ಕ.: ಮೊನ್ನೆ ಬೀರೂರಿನ ಸಂತೆಯಲ್ಲಿ ಷಣ್ಮುಖಪ್ಪನವರು ಸಿಕ್ಕರು. ಮಗನ ಮದುವೆಗೆ ಬರಲಿಲ್ಲವೇಕೆ ಎಂದು ಕೇಳುತ್ತಾರೆಂದು ನಾನು ತಲೆ ತಗ್ಗಿಸಿ ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಅವರೇ ನನ್ನ ಎರಡೂ ಕೈ ಹಿಡಿದುಕೊಂಡು, "ತಪ್ ತಿಳ್ಕಬೇಡಿ ಭಾವ, ಎರಡ್ನೇ ಪಂಕ್ತೀಲಿ ನೀವ್ ಊಟಕ್ಕೆ ಕೂತಿದ್ದು ನೋಡ್ದೆ ಕಣ್ರೀ. ಗಲಾಟೇಲಿ ಬಂದು ಮಾತಾಡ್ಸಕ್ ಆಗ್ಲೇ ಇಲ್ಲ" ಎಂದರು. ಪರವಾಗಿಲ್ಲ, ಊಟ ಚೆನ್ನಾಗಿತ್ತು ಎಂದೆ. ನಾನು ಹೋಗದಿದ್ದರೂ ಹೋದಂತೆಯೇ ನಡೆಯುತ್ತದೆ ಎಂಬ ಈ ಸೌಕರ್ಯವನ್ನು ತಾವು ಎರಡು ವರ್ಷ ಮೊದಲೇ ತಮ್ಮ ಯಾವುದಾದರೂ ಮೂಲೆಯಲ್ಲಿ ಅಚ್ಚು ಮಾಡಿಸಿದ್ದರೆ, ನಮ್ಮ ಅವ್ವನಿಗೆ ಎರಡು ಕಣ್ಣೂ ಇರುತ್ತಿದ್ದವು.